ಮಸ್ಕಿಟೋ ಡಂಕ್ಸ್: ಸೊಳ್ಳೆ ಕಚ್ಚೋದು ನಿಲ್ಲಲಿಲ್ಲ, ಆದರೂ 5ಕ್ಕೆ 4 ಸ್ಟಾರ್

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಸಂಜೆ ಡೆಕ್ ಮೇಲೆ ಕೂತು ಕಾಫಿ ಕುಡಿಯುವಾಗ ಸೊಳ್ಳೆ ಕಚ್ಚಬಾರದು, ಅಷ್ಟೇ ಬೇಕಿರೋದು ಅನ್ನುವವರು ಸಮ್ಮಿಟ್ ಕಂಪನಿಯ ಈ ಮಸ್ಕಿಟೋ ಡಂಕ್ಸ್ (ನಿಂತ ನೀರಿಗೆ ಹಾಕಿ ಸೊಳ್ಳೆ ಮರಿ ಕೊಲ್ಲೋ ಬಿಲ್ಲೆ) ತಗೋಬೇಡಿ. ಒಂದು ಟೇಬಲ್ ಫ್ಯಾನ್ ಇಟ್ಟುಕೊಳ್ಳಿ, ಕೈಕಾಲಿಗೆ ಸೊಳ್ಳೆ ಓಡಿಸೋ ಡೀಟ್ ಇರೋ ಸ್ಪ್ರೇ ಹೊಡ್ಕೊಳ್ಳಿ, ಸಾಕು. ಆದರೆ ನಿಮ್ಮ ಮನೆ ಹಿಂದಿನ ಮರದಲ್ಲಿ ರಾತ್ರಿ ಗೂಬೆ ಕೂಗುತ್ತಿದ್ದರೆ, ಬೀದಿ ಕೊನೆಯ ದೀಪದ ಕಂಬದ ಮೇಲೆ ಗಿಡುಗ ಕೂರುತ್ತಿದ್ದರೆ, ಅವು ಮುಂದಿನ ವರ್ಷವೂ ಇರಲಿ ಅಂತ ನಿಮಗೆ ಅನ್ನಿಸುತ್ತಿದ್ದರೆ, ಇದನ್ನು ತಗೊಳ್ಳಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಸ್ವಲ್ಪ ಉದ್ದ ಆಯಿತು, ಆದರೆ ಇಲ್ಲಿನ ಒಂದು ಸ್ಟಾರ್ ರಿವ್ಯೂಗಳನ್ನು ಓದಿ ಓದಿ ಬೇಜಾರಾಗಿ ಬರೆಯಲು ಕೂತೆ.

ನಾವಿರೋದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್-ಸೇಂಟ್ ಪಾಲ್ ಹೊರವಲಯದ ಬಡಾವಣೆಯಲ್ಲಿ. ಸುತ್ತ ಕೆರೆ, ಜೌಗು, ಪೈನ್ ಮರ. ಬೇಸಿಗೆ ಅಂದರೆ ಸೊಳ್ಳೆ ಅಂತಲೇ ಅರ್ಥ.

ವಸ್ತು ಏನು ಅಂತ ಹೇಳುತ್ತೇನೆ. ಕಂದು ಬಣ್ಣದ ದುಂಡನೆ ಬಿಲ್ಲೆ, ನಡುವೆ ತೂತು, ನೀರಿನ ಮೇಲೆ ತೇಲುತ್ತದೆ. ಬೇಸಿಗೆಗೆ ಬಂದಿದ್ದ ನಮ್ಮಮ್ಮ ಮಳೆನೀರಿನ ಡ್ರಮ್‌ನಲ್ಲಿ ನೋಡಿ "ಇದೇನೇ, ನೀರಿಗೆ ಉದ್ದಿನ ವಡೆ ಹಾಕಿಟ್ಟಿದೀಯಾ?" ಅಂದರು. ನೋಡೋಕೆ ಥೇಟ್ ಹಾಗೇ ಇದೆ. ಅದರೊಳಗೆ ಇರೋದು ಬಿಟಿಐ ಅನ್ನುವ ಬ್ಯಾಕ್ಟೀರಿಯಾ. ಪೂರ್ತಿ ಹೆಸರು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. 1976ರಲ್ಲಿ ಇಸ್ರೇಲ್‌ನ ನೆಗೆವ್ ಮರುಭೂಮಿಯಲ್ಲಿ ಒಂದು ಹೊಂಡದ ತುಂಬ ಸೊಳ್ಳೆ ಮರಿಗಳು ಸತ್ತು ಬಿದ್ದಿದ್ದವು. ಯಾಕೆ ಸತ್ತವು ಅಂತ ಹುಡುಕಿದಾಗ ಸಿಕ್ಕಿದ್ದು ಈ ಬ್ಯಾಕ್ಟೀರಿಯಾ. ಅಲ್ಲಿ ಸತ್ತು ಬಿದ್ದಿದ್ದು ಕ್ಯುಲೆಕ್ಸ್ ಜಾತಿಯ ಸೊಳ್ಳೆ ಮರಿಗಳು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಲ್ಲೆ ನಿಧಾನವಾಗಿ ಕರಗುತ್ತಾ ಈ ಬ್ಯಾಕ್ಟೀರಿಯಾವನ್ನು ನೀರಿಗೆ ಬಿಡುತ್ತದೆ. ನೀರಲ್ಲಿ ತಲೆಕೆಳಗಾಗಿ ತೂಗಾಡುತ್ತಿರುತ್ತಾವಲ್ಲ ಸೊಳ್ಳೆ ಮರಿಗಳು, ಅವು ಅದನ್ನು ತಿನ್ನುತ್ತವೆ. ಅದರಲ್ಲಿರೋ ಪ್ರೋಟೀನ್ ಹರಳು ಮರಿಯ ಹೊಟ್ಟೆಯ ಕ್ಷಾರದಲ್ಲಿ ಕರಗಿ, ಕರುಳಿನ ಗೋಡೆಯನ್ನೇ ಒಡೆದುಹಾಕುತ್ತದೆ. ಮರಿ ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿ ಇರೋದು ಆಮ್ಲ, ಹಾಗಾಗಿ ನಮಗೆ, ನಾಯಿಗೆ, ಹಕ್ಕಿಗೆ, ಮೀನಿಗೆ ಏನೂ ಆಗಲ್ಲ. ಜೇನುಹುಳಕ್ಕೂ ಆಗಲ್ಲ. ಸೊಳ್ಳೆ, ಕಪ್ಪು ನೊಣ, ಕುಂಡದ ಮಣ್ಣಲ್ಲಿ ಹಾರೋ ಸಣ್ಣ ನೊಣ, ಇಂಥ ಕೆಲವು ಮರಿಗಳಿಗೆ ಮಾತ್ರ ಇದು ವಿಷ. ನೂರು ಚದರಡಿ ನೀರಿಗೆ ಒಂದು ಬಿಲ್ಲೆ, 30 ದಿನ ಬರುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿದ್ದಾರೆ. ಆಳ ಎಷ್ಟಿದ್ದರೂ ಲೆಕ್ಕವಿಲ್ಲ, ಮೇಲ್ಮೈ ಅಗಲ ಮಾತ್ರ ಲೆಕ್ಕ. ಡ್ರಮ್, ಬಕೆಟ್‌ನಂಥ ಚಿಕ್ಕ ಜಾಗಕ್ಕೆ ಕಾಲು ಬಿಲ್ಲೆ ಮುರಿದು ಹಾಕಿದರೆ ಸಾಕು.

ಈಗ ಆ ಒಂದು ಸ್ಟಾರ್‌ಗಳ ವಿಷಯ. "ಹಾಕಿ ಒಂದು ತಿಂಗಳಾಯ್ತು, ಸೊಳ್ಳೆ ಇನ್ನೂ ಕಚ್ಚುತ್ತಿವೆ, ದುಡ್ಡು ದಂಡ." ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಬರೆದಿದ್ದಾರೆ. ಅವರು ಹೇಳುತ್ತಿರೋದು ಸುಳ್ಳಲ್ಲ. ಆದರೆ ಅವರನ್ನು ಕಚ್ಚುತ್ತಿರೋ ಸೊಳ್ಳೆಯೇ ಬೇರೆ, ಈ ಬಿಲ್ಲೆ ಕೊಲ್ಲುತ್ತಿರೋ ಸೊಳ್ಳೆಯೇ ಬೇರೆ.

ಮಿನ್ನೆಸೋಟದಲ್ಲಿ ಸಂಜೆ ಮುತ್ತಿಕೊಂಡು ಕಚ್ಚೋದು ಹೆಚ್ಚಾಗಿ ಈಡಿಸ್ ವೆಕ್ಸಾನ್ಸ್ ಅನ್ನುವ ಸೊಳ್ಳೆ. ಜೋರು ಮಳೆ ಬಂದು ಬಯಲಲ್ಲಿ, ಹುಲ್ಲಿನ ತಗ್ಗುಗಳಲ್ಲಿ ನೀರು ನಿಂತಾಗ ಹುಟ್ಟುತ್ತದೆ. ಮೈಲುಗಟ್ಟಲೆ ಹಾರಿ ಬರುತ್ತದೆ. ನಿಮ್ಮ ಹಿತ್ತಲಿನ ಡ್ರಮ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಡ್ರಮ್‌ನಲ್ಲಿ, ಸೂರಿನ ಗಟರ್‌ನಲ್ಲಿ, ಹಳೇ ಟೈರ್‌ನಲ್ಲಿ, ಕೊಳೆತ ಎಲೆಯ ನೀರಲ್ಲಿ ಮೊಟ್ಟೆ ಇಡೋದು ಕ್ಯುಲೆಕ್ಸ್. ಅದು ದೂರ ಹೋಗಲ್ಲ, ಮನೆ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿನ ಕ್ಯುಲೆಕ್ಸ್‌ಗಳಿಗೆ ಬೇಸಿಗೆಯ ಶುರುವಿನಲ್ಲಿ ನಮಗಿಂತ ಹಕ್ಕಿಗಳ ರಕ್ತವೇ ಇಷ್ಟ. ರಾತ್ರಿ ಮರದಲ್ಲಿ ಮಲಗಿರೋ ರಾಬಿನ್, ಗೂಡಲ್ಲಿರೋ ಮರಿಗಳು, ಕೊಂಬೆ ಮೇಲೆ ಕೂತ ಗೂಬೆ. ಬೇಸಿಗೆ ಕೊನೆಗೆ ರಾಬಿನ್‌ಗಳು ಚದುರಿ ಹೋದ ಮೇಲೆ ಮನುಷ್ಯರ ಕಡೆಗೂ ಜಾಸ್ತಿ ತಿರುಗುತ್ತವೆ. ಅಂದರೆ ನಿಮಗೆ ಕಚ್ಚಿತೋ ಇಲ್ಲವೋ ಅನ್ನೋದು ಈ ಬಿಲ್ಲೆಗೆ ಸರಿಯಾದ ಪರೀಕ್ಷೆ ಅಲ್ಲವೇ ಅಲ್ಲ. ಡ್ರಮ್ ಬಗ್ಗಿ ನೋಡಬೇಕು, ಅಷ್ಟೇ. ಹಾಕುವ ಮುಂಚೆ ಕಿಲಬಿಲ ಅನ್ನುತ್ತಿದ್ದ ಮರಿಗಳು ಹಾಕಿದ ಮೇಲೆ ಇಲ್ಲ ಅಂದರೆ ಕೆಲಸ ಮಾಡಿದೆ.

ಹಕ್ಕಿಗೆ ಸೊಳ್ಳೆ ಕಚ್ಚಿದರೆ ಏನಂತೆ ಅಂತ ಕೇಳಬಹುದು. ಅದಕ್ಕೇ ಬರುತ್ತಿದ್ದೇನೆ.

ವೆಸ್ಟ್ ನೈಲ್ ವೈರಸ್ ಹೆಸರು ಕೇಳಿರುತ್ತೀರಿ. 1937ರಲ್ಲಿ ಉಗಾಂಡದ ವೆಸ್ಟ್ ನೈಲ್ ಪ್ರದೇಶದಲ್ಲಿ ಮೊದಲ ಸಲ ಸಿಕ್ಕಿದ್ದು. ನಮ್ಮ ಕಡೆ ಮೆದುಳು ಜ್ವರ ಅಂತ ಕರೆಯೋ ಜಪಾನೀಸ್ ಎನ್ಸೆಫಲೈಟಿಸ್ ವೈರಸ್‌ನ ಹತ್ತಿರದ ಸಂಬಂಧಿ. ವೆಸ್ಟ್ ನೈಲ್ ಹಾಗೇ ಮೆದುಳು ಜ್ವರವನ್ನು ಹರಡೋದೂ ಕ್ಯುಲೆಕ್ಸ್ ಸೊಳ್ಳೆಗಳೇ. ಗದ್ದೆ ಬದಿಯ ಬೆಳ್ಳಕ್ಕಿಗಳ ಮೈಯಲ್ಲಿ ವೈರಸ್ ಬೆಳೆದು, ಅಲ್ಲಿಂದ ಸೊಳ್ಳೆಗೆ ಬಂದು, ಸೊಳ್ಳೆಯಿಂದ ಹಂದಿಗೆ, ಮಕ್ಕಳಿಗೆ ಬರುತ್ತದೆ. ಕೋಲಾರ, ಬಳ್ಳಾರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೆಸ್ಟ್ ನೈಲ್ ಕೂಡ ನಮಗೆ ಪರದೇಶದ್ದಲ್ಲ. ಮೆದುಳು ಜ್ವರದಲ್ಲಿ ತೀರಿಕೊಂಡ ಮಕ್ಕಳ ಮೆದುಳಿನಲ್ಲಿ ಈ ವೈರಸ್ ಸಿಕ್ಕಿದ್ದು ಕರ್ನಾಟಕದಲ್ಲೇ, 1980ರ ದಶಕದಲ್ಲೇ ವರದಿಯಾಗಿದೆ. ಆದರೆ ಅಲ್ಲಿನ ಹಕ್ಕಿಗಳಿಗೆ ಈ ವೈರಸ್ ಹಳೆಯದು. ಅಮೆರಿಕದ ಹಕ್ಕಿಗಳು ಇದನ್ನು ಕಂಡೇ ಇರಲಿಲ್ಲ.

1999ರ ಬೇಸಿಗೆಯಲ್ಲಿ ಅದು ನ್ಯೂಯಾರ್ಕ್‌ಗೆ ಬಂತು. ಆ ಕಥೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಕ್ವೀನ್ಸ್ ಭಾಗದಲ್ಲಿ ವಯಸ್ಸಾದವರು ಮೆದುಳಿನ ಉರಿಯೂತದಿಂದ ಆಸ್ಪತ್ರೆ ಸೇರುತ್ತಿದ್ದರು. ಸೊಳ್ಳೆಯಿಂದಲೇ ಬರೋ ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಅನ್ನೋ ಇನ್ನೊಂದು ಮೆದುಳು ಜ್ವರ ಅಂತ ಮೊದಲು ತೀರ್ಮಾನವಾಯಿತು. ಅದೇ ಹೊತ್ತಿಗೆ ಊರ ತುಂಬ ಕಾಗೆಗಳು ಸಾಯುತ್ತಿದ್ದವು. ಬ್ರಾಂಕ್ಸ್ ಮೃಗಾಲಯದಲ್ಲಿ ಫ್ಲೆಮಿಂಗೋ, ನೀರುಕಾಗೆ, ಒಂದು ಬಾಲ್ಡ್ ಈಗಲ್ (ಬಿಳಿ ತಲೆಯ ಹದ್ದು), ಒಂದು ಹಿಮಗೂಬೆ ಸತ್ತವು. ಅಲ್ಲಿನ ರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್‌ನಮಾರಾ ಅವರಿಗೆ ಈ ತೀರ್ಮಾನ ಒಪ್ಪಿಗೆಯಾಗಲಿಲ್ಲ. ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳನ್ನು ಹೀಗೆ ಕೊಲ್ಲುವುದಿಲ್ಲ. ಕುದುರೆಗಳಿಗೆ ಬರೋ ಈಸ್ಟರ್ನ್ ಎನ್ಸೆಫಲೈಟಿಸ್ ಇರಬಹುದೇ ಅಂದರೆ, ಅದಕ್ಕೆ ಮೊದಲು ಬಲಿಯಾಗಬೇಕಿದ್ದ ಎಮು ಪಕ್ಷಿಗಳು ಆರಾಮಾಗಿ ಓಡಾಡಿಕೊಂಡಿದ್ದವು. ಹಾಗಾದರೆ ಇದು ಬೇರೆ ಏನೋ ಅಂತ ಅವರು ಪಟ್ಟು ಹಿಡಿದರು. ಕೇಳೋರು ಕಡಿಮೆ ಇದ್ದರು. ಹಕ್ಕಿ ಡಾಕ್ಟರ ಮಾತನ್ನು ಮನುಷ್ಯರ ಡಾಕ್ಟರು ಯಾಕೆ ಕೇಳಬೇಕು, ಅಲ್ವಾ? ಕೊನೆಗೆ ಅವರು ಬೇರೆ ಬೇರೆ ಪ್ರಯೋಗಾಲಯಗಳಿಗೆ ಮಾದರಿ ಕಳಿಸಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಅದು ವೆಸ್ಟ್ ನೈಲ್ ಅಂತ ಗೊತ್ತಾಯಿತು. 1998ರಲ್ಲಿ ಇಸ್ರೇಲ್‌ನಲ್ಲಿ ಸತ್ತ ಹೆಬ್ಬಾತಿನಲ್ಲಿ ಸಿಕ್ಕಿದ್ದ ವೈರಸ್‌ಗೂ ಇದಕ್ಕೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇರಲಿಲ್ಲ. ಆ ವರ್ಷ ನ್ಯೂಯಾರ್ಕ್‌ನಲ್ಲಿ 62 ಜನರಿಗೆ ತೀವ್ರ ಕಾಯಿಲೆ ಬಂತು, 7 ಜನ ತೀರಿಕೊಂಡರು.

ಅಲ್ಲಿಂದ ಕೆಲವೇ ವರ್ಷಗಳಲ್ಲಿ ಪಶ್ಚಿಮ ಕರಾವಳಿಯವರೆಗೂ ಹೋಯಿತು. ಮಿನ್ನೆಸೋಟಕ್ಕೆ ಬಂದಿದ್ದು 2002ರಲ್ಲಿ. ಕಾಗೆಗಳ ವಿಷಯ ಎಲ್ಲರಿಗೂ ಗೊತ್ತು. ಬೇಟೆ ಹಕ್ಕಿಗಳ ಬಗ್ಗೆ ಮಾತಾಡೋರು ಕಡಿಮೆ. ಅದೇ 2002ರಲ್ಲಿ ಇಲ್ಲಿನ ಮಧ್ಯ ರಾಜ್ಯಗಳಲ್ಲಿ ಕೊಂಬಿನ ಗೂಬೆಗಳು, ಕೆಂಪು ಬಾಲದ ಗಿಡುಗಗಳು ಸಾಲುಸಾಲಾಗಿ ಕಾಯಿಲೆ ಬಿದ್ದವು. ಕೆನಡಾದ ಒಂಟಾರಿಯೋದ ವೈನ್‌ಲ್ಯಾಂಡ್‌ನಲ್ಲಿ ಗೂಬೆಗಳಿಗೆಂದೇ ಇರೋ ಒಂದು ಆಶ್ರಯದಲ್ಲಿ ಜುಲೈನಿಂದ ಸೆಪ್ಟೆಂಬರ್ ಒಳಗೆ ನೂರಕ್ಕೂ ಹೆಚ್ಚು ಗೂಬೆಗಳು ಸತ್ತವು. ಉತ್ತರದ ಚಳಿ ಪ್ರದೇಶಗಳಿಂದ ಬಂದ ದೊಡ್ಡ ಬೂದು ಗೂಬೆ, ಹಿಮಗೂಬೆಯಂಥವು ಹೆಚ್ಚುಕಮ್ಮಿ ಪೂರ್ತಿ ಹೋದವು. ದಕ್ಷಿಣದ ಕಡೆ ಬದುಕೋ ಗೂಬೆಗಳು ಬಹುಪಾಲು ಉಳಿದವು. ವರ್ಷಗಟ್ಟಲೆ ಸಾಕಿ ಸಲಹಿದವರು ದಿನಾ ಬೆಳಿಗ್ಗೆ ಪಂಜರದ ಬಾಗಿಲು ತೆಗೆಯುವಾಗ ಅವರಿಗೆ ಏನಾಗುತ್ತಿತ್ತೋ, ನೆನೆಸಿಕೊಂಡರೂ ಸಂಕಟ.

ಬೇಟೆ ಹಕ್ಕಿಗಳಿಗೆ ಇನ್ನೊಂದು ತೊಂದರೆ ಇದೆ. ಬೇರೆ ಹಕ್ಕಿಗಳಿಗೆ ಸೊಳ್ಳೆ ಕಚ್ಚಿ ಬರುತ್ತದೆ. ಇವಕ್ಕೆ ಊಟದಿಂದಲೂ ಬರುತ್ತದೆ. ವೈರಸ್ ಇರೋ ಇಲಿಯನ್ನು ತಿನ್ನಿಸಿದಾಗ ಗೂಬೆಗಳಿಗೆ ಸೋಂಕು ತಗುಲಿದ್ದು ಪ್ರಯೋಗಗಳಲ್ಲಿ ಕಂಡಿದೆ. ದೊಡ್ಡ ಮಟ್ಟದಲ್ಲಿ ಇದು ಕಂಡಿದ್ದು 2013ರ ಡಿಸೆಂಬರ್‌ನಲ್ಲಿ, ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಹತ್ತಿರ. ಬಾಲ್ಡ್ ಈಗಲ್‌ಗಳು ಕಾಲಲ್ಲಿ ಶಕ್ತಿಯಿಲ್ಲದೆ, ತಲೆ ನಡುಗುತ್ತಾ, ರೆಕ್ಕೆ ಎತ್ತಲಾರದೆ ನೆಲದ ಮೇಲೆ ಬಿದ್ದಿದ್ದವು. ಆ ಚಳಿಗಾಲದಲ್ಲಿ 80ಕ್ಕೂ ಹೆಚ್ಚು ಸತ್ತವು. ಹಿಮ ಬೀಳೋ ಕಾಲದಲ್ಲಿ ಸೊಳ್ಳೆ ಎಲ್ಲಿಂದ ಬರಬೇಕು? ಆಮೇಲೆ ಗೊತ್ತಾಯಿತು. ಆ ಸರೋವರಕ್ಕೆ ವಲಸೆ ಬರೋ ಈಯರ್ಡ್ ಗ್ರೀಬ್ ಅನ್ನುವ ಮುಳುಗು ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ವೆಸ್ಟ್ ನೈಲ್‌ನಿಂದ ಸತ್ತಿದ್ದವು, ಈಗಲ್‌ಗಳು ಅವನ್ನು ತಿಂದಿದ್ದವು. ಸುಲಭವಾಗಿ ಸಿಗೋ ಕಾಯಿಲೆ ಹಕ್ಕಿಯನ್ನೇ ಬೇಟೆ ಹಕ್ಕಿ ಮೊದಲು ಹಿಡಿಯೋದು. ಅದೇ ಅವಕ್ಕೆ ಮುಳುವಾಯಿತು.

ನಮ್ಮ ಬೀದಿಯಲ್ಲೂ ಒಂದು ಸಲ ಆಗಸ್ಟ್ ಕೊನೆಗೆ ಕೆಂಪು ಬಾಲದ ಗಿಡುಗ ಹುಲ್ಲಿನ ಮೇಲೆ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ತಲೆ ಸಣ್ಣಗೆ ನಡುಗುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೆ ಕೈ ಆಡಿಸಿದರೆ ನೋಡುತ್ತಿರಲಿಲ್ಲ. ಫೋನ್ ಮಾಡಿ ಕೇಳಿಕೊಂಡು, ದಪ್ಪ ಟವೆಲ್ ಹೊದಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹಕ್ಕಿ ಆಸ್ಪತ್ರೆಗೆ ಕೊಟ್ಟು ಬಂದೆವು. ಎತ್ತಿಕೊಂಡಾಗ ಎದೆಮೂಳೆ ಕೈಗೆ ಚುಚ್ಚುತ್ತಿತ್ತು, ಅಷ್ಟು ಬಡಕಲಾಗಿತ್ತು. ಪರೀಕ್ಷೆಯಲ್ಲಿ ವೆಸ್ಟ್ ನೈಲ್ ಅಂತಲೇ ಬಂತು. ಉಳಿಯಲಿಲ್ಲ. ಈ ಕಾಯಿಲೆಗೆ ಇಂಥದೇ ಅಂತ ಔಷಧಿ ಇಲ್ಲ. ಗ್ಲೂಕೋಸ್, ನಳಿಗೆಯಲ್ಲಿ ಆಹಾರ, ಊತ ಇಳಿಸೋ ಔಷಧಿ, ಬೆಚ್ಚಗಿನ ಕತ್ತಲೆ ಕೋಣೆ, ಅಷ್ಟೇ. ಬದುಕುಳಿದ ಹಕ್ಕಿಗಳಿಗೂ ಕಷ್ಟ ಮುಗಿಯಲ್ಲ. ಕಣ್ಣಿನ ಒಳಪರದೆಗೆ ಪೆಟ್ಟಾಗಿ ದೃಷ್ಟಿ ಹೋದರೆ ಅದನ್ನು ಕಾಡಿಗೆ ಬಿಡೋ ಹಾಗಿಲ್ಲ, ಬೇಟೆ ಆಡಲಾರದು. ಕಾಯಿಲೆ ಹೊತ್ತಲ್ಲಿ ಬೆಳೆಯುತ್ತಿದ್ದ ಗರಿಗಳು ಕೆಟ್ಟು ಬಂದರೆ, ಮತ್ತೆ ಗರಿ ಉದುರಿ ಹೊಸದು ಬರೋವರೆಗೆ ತಿಂಗಳುಗಟ್ಟಲೆ ಇಟ್ಟುಕೊಂಡು ಸಾಕಬೇಕು.

ಲಸಿಕೆ ಹಾಕಬಾರದೇ ಅಂತ ನಮ್ಮ ಕನ್ನಡ ಕೂಟದ ಸ್ನೇಹಿತರೊಬ್ಬರು ಕೇಳಿದರು. ಕುದುರೆಗಳಿಗೆ ಲಸಿಕೆ ಇದೆ. ಸಾಕಿದ ಹದ್ದು ಗೂಬೆಗಳಿಗೂ ಕೆಲವೆಡೆ ಅದನ್ನೇ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನೋ ರಣಹದ್ದುಗಳು ಕೆಲವೇ ನೂರು ಇದ್ದಿದ್ದರಿಂದ 2003ರಿಂದ ಅವಕ್ಕೆ ಒಂದೊಂದಾಗಿ ಲಸಿಕೆ ಹಾಕಿದರು, ಅದು ಅವನ್ನು ಕಾಪಾಡಿತು ಕೂಡ. ಆದರೆ ಕಾಡಲ್ಲಿ ಹಾರೋ ಪ್ರತಿ ಗೂಬೆಯನ್ನು ಹಿಡಿದು ಸೂಜಿ ಚುಚ್ಚೋದು ಆಗದ ಮಾತು. ನಮ್ಮ ಕೈಲಿ ಆಗೋದು ನೀರಿನ ಹತ್ತಿರ ಮಾತ್ರ.

ಅದಕ್ಕೇ ಈ ಬಿಲ್ಲೆ. ಈಗ ಬಳಸೋದು ಹೇಗೆ ಅನ್ನೋದಕ್ಕೆ ಬರೋಣ.

ಅಮ್ಮನ ತುಳಸಿ ಕುಂಡ, ಹಾಗಲಕಾಯಿ ಬಳ್ಳಿ, ದಂಟಿನ ಸೊಪ್ಪು, ಎಲ್ಲದರ ಕೆಳಗೂ ತಟ್ಟೆ ಇತ್ತು. ತಟ್ಟೆಗೆ ಬಿಲ್ಲೆ ಹಾಕಬೇಡಿ, ದಂಡ. ತಟ್ಟೆ ತೆಗೆದುಬಿಡಿ ಇಲ್ಲಾ ನೀರು ಚೆಲ್ಲಿ. ಹಕ್ಕಿಗಳಿಗೆ ಇಟ್ಟ ನೀರಿನ ಬಾನಿಯನ್ನು ವಾರಕ್ಕೆ ಎರಡು ಸಲ ಉಜ್ಜಿ ತೊಳೆದು ಹೊಸ ನೀರು ಹಾಕಿದರೆ ಸಾಕು, ಮೊಟ್ಟೆ ಸೊಳ್ಳೆ ಆಗೋದಕ್ಕೆ ಬೇಸಿಗೆಯಲ್ಲೂ ಒಂದು ವಾರದಷ್ಟಾದರೂ ಬೇಕು. ಬಿಲ್ಲೆ ಬೇಕಾಗೋದು ಚೆಲ್ಲಲು ಆಗದ ನೀರಿಗೆ. ಮಳೆನೀರಿನ ಡ್ರಮ್, ಅಲಂಕಾರದ ಪುಟ್ಟ ಕೊಳ, ಮರದ ಪೊಟರೆ, ಬೇಸ್‌ಮೆಂಟ್‌ನ ಸಂಪ್. ಇನ್ನೊಂದು ಜಾಗ ಯಾರಿಗೂ ಹೊಳೆಯಲ್ಲ. ಸೂರಿನ ನೀರನ್ನು ಗೋಡೆಯಿಂದ ದೂರ ಹರಿಸೋಕೆ ಕಪ್ಪನೆಯ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪ್ ಹಾಕಿರುತ್ತಾರಲ್ಲ, ಅದರ ಒಂದೊಂದು ಸುಕ್ಕಿನಲ್ಲೂ ನೀರು ನಿಂತಿರುತ್ತದೆ. ಎಲೆ ಕೊಳೆತು ನಾರುತ್ತಿರುತ್ತದೆ. ಕ್ಯುಲೆಕ್ಸ್‌ಗೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಅದನ್ನು ಬಿಚ್ಚಿ ಒದರಿ, ಆಗೋದಾದರೆ ನುಣುಪಾದ ಪೈಪ್ ಹಾಕಿಸಿ.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟವಾಯಿತು. ಬಕೆಟ್‌ಗೆ ನೀರು, ಒಂದು ಹಿಡಿ ಒಣಹುಲ್ಲು ಹಾಕಿ ನೆರಳಲ್ಲಿಡಿ. ಕೆಲವು ದಿನಕ್ಕೆ ಹುಳಿತು ವಾಸನೆ ಬರುತ್ತದೆ. ಮೊಟ್ಟೆ ಇಡಲು ಜಾಗ ಹುಡುಕೋ ಕ್ಯುಲೆಕ್ಸ್‌ಗೆ ಈ ವಾಸನೆ ಅಂದರೆ ಪ್ರಾಣ. ಸೊಳ್ಳೆ ಲೆಕ್ಕ ಹಾಕೋ ಸರ್ಕಾರಿ ಇಲಾಖೆಯವರು ಕೂಡ ಇಂಥದೇ ಹುಳಿತ ಹುಲ್ಲುನೀರು ಇಟ್ಟು ಅವನ್ನು ಹಿಡಿಯುತ್ತಾರೆ. ಆ ಬಕೆಟ್‌ಗೆ ಕಾಲು ಬಿಲ್ಲೆ ಹಾಕಿ. ಸೊಳ್ಳೆ ಬಂದು ಮೊಟ್ಟೆ ಇಡುತ್ತದೆ, ಮರಿ ಹುಟ್ಟುತ್ತದೆ, ತಿನ್ನುತ್ತದೆ, ಸಾಯುತ್ತದೆ. ಬಕೆಟ್ ಒಳಗೆ ಒಂದು ಕೋಲನ್ನು ಓರೆಯಾಗಿ ಇಡೋದು ಮರೀಬೇಡಿ. ಅಳಿಲು, ಚಿಪ್‌ಮಂಕ್ ಬಿದ್ದರೆ ಹತ್ತಿ ಬರಬೇಕಲ್ಲ. ಬಿಲ್ಲೆ ಇಲ್ಲದೆ ಈ ಬಕೆಟ್ ಇಟ್ಟರೆ ಮಾತ್ರ ನೀವೇ ಸೊಳ್ಳೆ ಸಾಕಿದ ಹಾಗೆ, ಆದ್ದರಿಂದ ಹಾಕಿದ ತಾರೀಕು ಬಕೆಟ್ ಮೇಲೇ ಬರೆದಿಡಿ.

ಒಂದು ಸ್ಟಾರ್ ಯಾಕೆ ಕಡಿಮೆ ಮಾಡಿದೆ ಅಂದರೆ, ಪ್ಯಾಕೆಟ್ ಮೇಲೆ ಇರೋ ಚಿತ್ರ, ಮಾತು ಎಲ್ಲ ಸೊಳ್ಳೆಯೇ ಇಲ್ಲದ ಹಿತ್ತಲಿನ ಭರವಸೆ ಕೊಡೋ ಥರ ಇದೆ. ಯಾವ ಸೊಳ್ಳೆಗೆ ಉಪಯೋಗ, ಯಾವುದಕ್ಕೆ ಇಲ್ಲ ಅಂತ ಎರಡು ಸಾಲು ದೊಡ್ಡದಾಗಿ ಬರೆದಿದ್ದರೆ ಜನ ಇಷ್ಟು ನಿರಾಸೆ ಪಡುತ್ತಿರಲಿಲ್ಲ. ಇನ್ನೊಂದು, ಇದು ನಿಧಾನ. ದೊಡ್ಡದಾಗಿ ಬೆಳೆದು ತಿನ್ನೋದು ನಿಲ್ಲಿಸಿದ ಮರಿಗಳಿಗೆ, ಪ್ಯೂಪಾ (ಕೋಶ) ಆದವಕ್ಕೆ ಇದು ತಾಗಲ್ಲ. ತಿನ್ನದಿದ್ದರೆ ವಿಷ ಒಳಗೆ ಹೋಗೋದು ಹೇಗೆ? ಆದ್ದರಿಂದ ಹಾಕಿದ ಮೇಲೂ ಕೆಲವು ದಿನ ಸೊಳ್ಳೆ ಹಾರಿ ಬರುತ್ತವೆ. ಆಗಲೇ ಮರಿ ತುಂಬಿರೋ ನೀರಿಗೆ ಅದೇ ಕಂಪನಿಯ ಮಸ್ಕಿಟೋ ಬಿಟ್ಸ್ ಅನ್ನೋ ಹರಳು ಚಿಮುಕಿಸಿ, ಬೇಗ ಕೆಲಸ ಮಾಡುತ್ತದೆ, ಆದರೆ ಬೇಗ ಮುಗಿಯುತ್ತದೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಆರು ಬಿಲ್ಲೆಯ ಪ್ಯಾಕ್ ನಮ್ಮ ಕಡೆ ಹತ್ತು ಹನ್ನೆರಡು ಡಾಲರ್ ಆಸುಪಾಸು, ಇಪ್ಪತ್ತರದ್ದು ತಗೊಂಡು ಪಕ್ಕದ ಮನೆಯವರ ಜೊತೆ ಹಂಚಿಕೊಂಡರೆ ಅಗ್ಗ.

ಹಂಚಿಕೊಳ್ಳಿ ಅಂತ ಹೇಳೋದು ದುಡ್ಡಿಗೆ ಮಾತ್ರ ಅಲ್ಲ. ನಮ್ಮೊಬ್ಬರ ಡ್ರಮ್‌ನಿಂದ ಗೂಬೆ ಉಳಿಯಲ್ಲ. ಸಾಲಿನಲ್ಲಿರೋ ನಾಲ್ಕಾರು ಮನೆಯವರು ಮಾಡಿದರೆ ಆ ಬೀದಿಯ ಕ್ಯುಲೆಕ್ಸ್ ನಿಜವಾಗಿ ಕಡಿಮೆಯಾಗುತ್ತದೆ, ಯಾಕೆಂದರೆ ಅದು ಆ ಬೀದಿಯದ್ದೇ. ಇನ್ನು ರಸ್ತೆ ಬದಿಯ ಮಳೆನೀರು ಚರಂಡಿಗಳಿಗೆ ನೀವೇ ಏನೂ ಹಾಕಬೇಡಿ. ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್-ಸೇಂಟ್ ಪಾಲ್) ಸುತ್ತಿನ ಏಳು ಕೌಂಟಿಗಳಿಗೆ ಮೆಟ್ರೊಪಾಲಿಟನ್ ಮಸ್ಕಿಟೋ ಕಂಟ್ರೋಲ್ ಡಿಸ್ಟ್ರಿಕ್ಟ್ ಅನ್ನೋ ಸಾರ್ವಜನಿಕ ಸಂಸ್ಥೆ 1958ರಿಂದ ಇದೆ. ಅವರೂ ಇದೇ ಬಿಟಿಐ ಬಳಸುತ್ತಾರೆ, ಜೌಗಿಗೆ ಹೆಲಿಕಾಪ್ಟರ್‌ನಿಂದ ಹರಳು ಉದುರಿಸುತ್ತಾರೆ. ಚರಂಡಿ ಕೆಲಸ ಅವರದ್ದು, ಫೋನ್ ಮಾಡಿ ಹೇಳಿ. ಜರ್ಮನಿಯಲ್ಲಿರೋ ಕನ್ನಡಿಗರಿಗೂ ಒಂದು ಮಾತು. ರೈನ್ ನದಿ ಬಯಲಿನಲ್ಲಿ 1980ರ ದಶಕದಿಂದಲೂ ಬಿಟಿಐ ಬಳಕೆಯಲ್ಲಿದೆ. 2018ರಿಂದ ವೆಸ್ಟ್ ನೈಲ್ ಜರ್ಮನಿಯ ಗೂಬೆ, ಗಾಸ್‌ಹಾಕ್ ಅನ್ನೋ ಗಿಡುಗಗಳಲ್ಲೂ ಸಿಗುತ್ತಿದೆ.

ಸ್ಪ್ರೇ ಹೊಡೆಯೋ ಕಂಪನಿಗಳ ಜೊತೆ ಹೋಲಿಸಿ ಹೇಳಲೇಬೇಕು, ಯಾಕೆಂದರೆ ಹೆಚ್ಚಿನವರು ಮೊದಲು ಕರೆಸೋದು ಅವರನ್ನೇ. ನಾವೂ ಒಬ್ಬರನ್ನು ಕರೆಸಿದ್ದೆವು, ಹೆಸರು ಬೇಡ. ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು ಬಂದು ಪೊದೆ, ಬೇಲಿ, ಹೂವಿನ ಗಿಡ, ಎಲ್ಲದಕ್ಕೂ ಪೈರೆಥ್ರಾಯ್ಡ್ ಅನ್ನೋ ಕೀಟನಾಶಕ ಹೊಡೆದು ಹೋದರು. ಡ್ರಮ್ ಕಡೆ ತಿರುಗಿಯೂ ನೋಡಲಿಲ್ಲ. ಕೇಳಿದರೆ "ನಮ್ಮ ಪ್ಯಾಕೇಜ್‌ನಲ್ಲಿ ಅದು ಬರಲ್ಲ" ಅಂದರು. ಆ ಔಷಧಿ ಜೇನುಹುಳ, ಚಿಟ್ಟೆ ಮರಿ, ಜೇಡ, ಯಾವುದನ್ನೂ ಬಿಡಲ್ಲ. ಎಲೆ ಮೇಲಿನ ದೊಡ್ಡ ಸೊಳ್ಳೆ ಸಾಯುತ್ತದೆ ಸರಿ, ಆದರೆ ನೀರಿನ ಮರಿಗಳು ಹಾಗೇ ಉಳಿದು ಮುಂದಿನ ವಾರ ಹಾರುತ್ತವೆ. ನನಗೆ ತುಂಬಾ ಸಿಟ್ಟು ಬಂತು. ಆ ಗಿಡಗಳನ್ನು ಮೊನಾರ್ಕ್ ಚಿಟ್ಟೆಗೆ ಅಂತಲೇ ಹಾಕಿದ್ದೆವು. ಎರಡನೇ ಸಲ ಬರಬೇಡಿ ಅಂದುಬಿಟ್ಟೆವು.

ಕಾಯಿಲೆ ಹಕ್ಕಿ ಸಿಕ್ಕರೆ ಏನು ಮಾಡಬೇಕು ಅಂತಲೂ ಇಲ್ಲೇ ಬರೆದುಬಿಡುತ್ತೇನೆ, ಬಿಲ್ಲೆಯ ರಿವ್ಯೂಗೆ ಸೇರಿದ್ದಲ್ಲವಾದರೂ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹಗಲಲ್ಲಿ ನೆಲದ ಮೇಲೆ ಕೂತ ಗೂಬೆ, ಮನುಷ್ಯರನ್ನು ಕಂಡರೂ ಹಾರದ ಗಿಡುಗ, ನಡುಗೋ ತಲೆ, ಇವು ಕಂಡರೆ ಸುಮ್ನೆ ಬಿಟ್ಟು ಹೋಗಬೇಡಿ. ಬರಿಗೈಯಲ್ಲಿ ಮುಟ್ಟಲೂಬೇಡಿ. ಉಗುರು ಕೈಯನ್ನು ತೂತು ಮಾಡುತ್ತದೆ. ಮೇಲಾಗಿ 2022ರಿಂದ ಇಲ್ಲಿ ಹಕ್ಕಿಜ್ವರವೂ ಬೇಟೆ ಹಕ್ಕಿಗಳಲ್ಲಿ ಕಾಣುತ್ತಿದೆ, ನೋಡಿದರೆ ಎರಡೂ ಒಂದೇ ಥರ ಇರುತ್ತದೆ, ಪರೀಕ್ಷೆ ಮಾಡದೆ ಗೊತ್ತಾಗಲ್ಲ. ಮೊದಲು ಫೋನ್ ಮಾಡಿ. ಮಿನ್ನೆಸೋಟದಲ್ಲಿ ಸೇಂಟ್ ಪಾಲ್‌ನ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿಗೆ ಸೇರಿದ ರಾಪ್ಟರ್ ಸೆಂಟರ್ ಇದೆ, 1974ರಲ್ಲಿ ಶುರುವಾದದ್ದು, ವರ್ಷಕ್ಕೆ ಸುಮಾರು ಸಾವಿರ ಬೇಟೆ ಹಕ್ಕಿಗಳು ಅಲ್ಲಿಗೆ ಚಿಕಿತ್ಸೆಗೆ ಬರುತ್ತವೆ. ಅವರು ಹೇಳಿದ ಹಾಗೆ ಮಾಡಿ. ಪೆಟ್ಟಿಗೆಯಲ್ಲಿಟ್ಟ ಮೇಲೆ ನೀರು ಕುಡಿಸೋದು, ಚಿಕನ್ ತಿನ್ನಿಸೋದು, ಮಕ್ಕಳಿಗೆ ತೋರಿಸೋದು, ಫೋಟೋ ತೆಗೆಯೋದು ಯಾವುದೂ ಬೇಡ. ಕತ್ತಲೆ, ಮೌನ, ಬೇಗ ಆಸ್ಪತ್ರೆ.

ಕೊನೆಯದಾಗಿ ತಗೊಳ್ಳೋರಿಗೆ. ಇಲ್ಲಿ ಹಿಮ ಕರಗಿ ರಾತ್ರಿ ಸ್ವಲ್ಪ ಬೆಚ್ಚಗಾದ ಮೇಲೆ, ಮೇ ಹೊತ್ತಿಗೆ ಮೊದಲ ಬಿಲ್ಲೆ ಹಾಕಿ. ಆಗಸ್ಟ್‌ನಲ್ಲಿ ಹಕ್ಕಿ ಬಿದ್ದ ಮೇಲೆ ಹಾಕಿದರೆ ತಡವಾಯಿತು, ಅಷ್ಟೊತ್ತಿಗೆ ವೈರಸ್ ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಹಕ್ಕಿಗೆ ಹಲವು ಸುತ್ತು ತಿರುಗಿರುತ್ತದೆ. ತಿಂಗಳಿಗೊಮ್ಮೆ ಬದಲಿಸಿ, ಸೆಪ್ಟೆಂಬರ್ ಕೊನೆವರೆಗೆ ನಿಲ್ಲಿಸಬೇಡಿ. ಬಿಸಿಲಿಗೆ ನೀರು ಬತ್ತಿ ಬಿಲ್ಲೆ ಒಣಗಿದರೆ ಎಸೆಯಬೇಡಿ, ಮತ್ತೆ ನೀರು ತುಂಬಿದಾಗ ಉಳಿದ ಭಾಗ ಕೆಲಸ ಮಾಡುತ್ತದೆ. ಪ್ಯಾಕೆಟ್ ಒಡೆದ ಮೇಲೆ ಉಳಿದವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಣ ಜಾಗದಲ್ಲಿಡಿ, ಮುಂದಿನ ವರ್ಷಕ್ಕೂ ಆಗುತ್ತದೆ.